ನೀವು ಮಾರಿದ ದೋಣಿಯ ಡೀಸೆಲ್ ಮುಳ್ಳು ಉಲ್ಟಾ ಓಡುತ್ತಿದೆ

ಸೆಕೆಂಡ್ ಹ್ಯಾಂಡ್ ದೋಣಿ ಮಾರಾಟ ವಿಭಾಗದ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ನಿಮ್ಮ ಕೌಂಟರಿಗೇ ಬಂದೆ. ಪ್ರತಿ ಸಲವೂ ಮರ್ಯಾದೆಯಿಂದ ಮಾತಾಡಿದ್ದೇನೆ. ಬಾಯಿಮಾತಿಗೆ ನಿಮ್ಮಲ್ಲಿ ಬೆಲೆ ಇಲ್ಲ ಅಂತ ಗೊತ್ತಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ದೋಣಿ ಒಪ್ಪಿಸುವಾಗ ಏನೇನು ಮಾಡಬೇಕು ಅಂತ ನಿಮ್ಮ ಕರಾರಿನಲ್ಲೇ ಇದೆ. ಪ್ರತಿ ಮೀಟರನ್ನೂ ಚಾಲೂ ಮಾಡಿ ತೋರಿಸಬೇಕು, ಕೆಲಸ ಮಾಡದ್ದನ್ನು ಬರೆದುಕೊಡಬೇಕು, ವೈರಿಂಗ್ ನಕ್ಷೆ ಕೊಡಬೇಕು. ಬರೆದವರು ನೀವೇ, ನಾನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಸಿಕ್ಕಿದ್ದು ಒಂದು ಕೀಲಿ ಗೊಂಚಲು ಮತ್ತು ಬೇರೆ ಯಾವುದೋ ಮಾಡೆಲ್ಲಿನ ಮ್ಯಾನುಯಲ್. ಪ್ಯಾನೆಲ್ ಮೇಲೆ ಹನ್ನೊಂದು ಮೀಟರ್, ಡಿಸ್‌ಪ್ಲೇ, ದೀಪಗಳಿವೆ. ಹೆಸರು ಇರುವುದು ನಾಲ್ಕಕ್ಕೆ ಮಾತ್ರ.

ಮೊದಲ ದಿನದಿಂದಲೇ ಹೇಳುತ್ತೇನೆ. ಡೀಸೆಲ್ ಟ್ಯಾಂಕ್ ತುಂಬಿಸಿ ಕೊಟ್ಟಿದ್ದೇವೆ ಅಂದಿರಿ. ಆದರೆ ಮುಳ್ಳು ಖಾಲಿಯ ಹತ್ತಿರ, ಕಾಲು ಭಾಗದಲ್ಲಿ ನಿಂತಿತ್ತು. ಫೋನ್ ಮಾಡಿದೆ. "ಹಳೇ ಗೇಜ್ ಅಲ್ವಾ, ಸ್ವಲ್ಪ ಹಿಡ್ಕೊಂಡಿರುತ್ತೆ, ಓಡಿಸ್ತಾ ಓಡಿಸ್ತಾ ಬಿಟ್ಕೊಳ್ಳುತ್ತೆ" ಅಂದರು. ಓಡಿಸಿದೆ. ನಿಜವಾಗಲೂ ಮುಳ್ಳು ಮೇಲೇರುತ್ತಾ ಬಂತು, ಅರ್ಧ ಆಯಿತು, ಮುಕ್ಕಾಲು ಆಯಿತು. ಮತ್ತೆ ಫೋನ್ ಮಾಡಿ ಕೇಳಿದರೆ "ನೋಡಿ, ನಾನು ಹೇಳ್ಲಿಲ್ವಾ, ಸರಿಹೋಯ್ತು" ಅಂದರು. ನಾನು ನಂಬಿದೆ. ಎಂಜಿನ್ ಓಡಿದಷ್ಟೂ ಡೀಸೆಲ್ ಹೇಗೆ ಜಾಸ್ತಿ ಆಗುತ್ತದೆ ಅಂತ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಗೇಜ್ ಹಾಕಿಸಿ ಮಾರುವ ನಿಮಗೆ ಹೊಳೆಯಬೇಕಿತ್ತು.

ಮುಳ್ಳು ಪೂರ್ತಿ ಫುಲ್ ದಾಟಿ ನಿಂತ ದಿನ, ಬಂದರಿಗೆ ವಾಪಸ್ ಬರುವಾಗ, ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತುಹೋಯಿತು. ಗಾಳಿ ಬಿದ್ದುಹೋಗಿತ್ತು, ಹಾಯಿ ಬಿಚ್ಚಿದರೂ ಉಪಯೋಗವಿರಲಿಲ್ಲ. ದೋಣಿಯಲ್ಲಿ ನಾನು ಮತ್ತು ನನ್ನ ಮಗಳು. ಲಂಗರು ಹಾಕಿದೆ. ಆಳ ತೋರಿಸುವ ಡಿಸ್‌ಪ್ಲೇ 1.6 ಮೀಟರ್ ಅಂತಿತ್ತು, ಅದು ಕೀಲ್‌ನಿಂದ (ದೋಣಿಯ ತಳದಲ್ಲಿ ನೀರೊಳಗೆ ಎಲ್ಲಕ್ಕಿಂತ ಕೆಳಗೆ ಇಳಿದಿರುವ ಭಾಗ) ಕೆಳಗಿನ ನೀರು ಅಂತ ನಿಮ್ಮವರೇ ಹೇಳಿದ್ದರು, ಹಾಗಾಗಿ ಬೇಕಾದಷ್ಟಿದೆ ಅಂದುಕೊಂಡೆ. ಇಳಿತ ಶುರುವಾಗಿ ಸ್ವಲ್ಪ ಹೊತ್ತಿಗೇ ದೋಣಿ ಕೆಸರಿನಲ್ಲಿ ಕೂತು ಒಂದು ಪಕ್ಕಕ್ಕೆ ವಾಲಿತು. ಮಗಳು ನನ್ನ ಕೈ ಹಿಡಿದುಕೊಂಡು ಏನೂ ಮಾತಾಡದೆ ಕೂತಿದ್ದಳು. ಉಬ್ಬರ ಬರುವವರೆಗೆ ಹಾಗೇ ಇದ್ದೆವು.

ಆಮೇಲೆ ಅಳೆದು ನೋಡಿದೆ. ಆ ಡಿಸ್‌ಪ್ಲೇ ತೋರಿಸುವುದು ಸೆನ್ಸರ್‌ನಿಂದ ಕೆಳಗಿನ ಆಳ. ಸೆನ್ಸರ್ ಇರುವುದು ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ, ಕೀಲ್ ಇಳಿದಿರುವುದು 1.8 ಮೀಟರ್. ಅಂದರೆ ಕೀಲ್ ಕೆಳಗಿದ್ದದ್ದು ಬರೀ 30 ಸೆಂಟಿಮೀಟರ್ ನೀರು. ಸೆಟ್ಟಿಂಗ್‌ನಲ್ಲಿ 1.3 ಮೀಟರ್ ಕಳೆಯುವ ಹಾಗೆ ಒಂದು ಅಂಕಿ ಹಾಕಿದ್ದರೆ ಮುಗಿದಿತ್ತು. ಎರಡು ನಿಮಿಷದ ಕೆಲಸ.

ಈಗ ನಿಮ್ಮ ಕೌಂಟರಿನಲ್ಲಿ ಆದದ್ದನ್ನು ಹೇಳಲೇಬೇಕು.

ಮಾರನೇ ದಿನ ಗೇಜ್‌ನ ಫೋಟೋ ತೆಗೆದುಕೊಂಡು ಬಂದೆ. ಮಗಳೂ ಜೊತೆಗಿದ್ದಳು. ನಲವತ್ತು ನಿಮಿಷ ಕಾಯಿಸಿದರು. ಆಮೇಲೆ ನಿಮ್ಮ ಟೆಕ್ನಿಷಿಯನ್ ಬಂದರು. ಫೋನ್ ನನ್ನ ಕೈಯಿಂದ ತೆಗೆದುಕೊಂಡರು, ಫೋಟೋ ದೊಡ್ಡದು ಮಾಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಮೇಡಂ, ಕಾರು ಓಡಿಸ್ತೀರಾ?"

"ಓಡಿಸ್ತೀನಿ."

"ಕಾರಲ್ಲಿ ಪೆಟ್ರೋಲ್ ಮುಳ್ಳು ನೋಡಿದ್ದೀರಾ?"

"ನೋಡಿದ್ದೀನಿ. ಆದ್ರೆ ಟ್ಯಾಂಕ್ ಖಾಲಿ ಇದೆ, ನಾನೇ ಕಡ್ಡಿ ಬಿಟ್ಟು ನೋಡಿದೆ..."

"ಅದಿರ್ಲಿ. ಮುಳ್ಳು ಈ ಕಡೆ ಇದ್ರೆ ಏನು?"

ನಾನು ಸುಮ್ಮನಿದ್ದೆ. ಅವರು ಬಿಡಲಿಲ್ಲ. "ಹೇಳಿ ಮೇಡಂ, ಈ ಕಡೆ ಇದ್ರೆ ಏನು?" ಪಕ್ಕದ ಮೇಜಿನವರು ಬರೆಯುವುದು ನಿಲ್ಲಿಸಿ ನಮ್ಮ ಕಡೆ ತಿರುಗಿದರು. ದೋಣಿ ನೋಡಲು ಬಂದಿದ್ದ ಗಂಡ ಹೆಂಡತಿಯೂ ನೋಡುತ್ತಿದ್ದರು. "ಫುಲ್" ಅಂದೆ. "ಹಾಂ! ಫುಲ್ ಅಂದ್ರೆ ತುಂಬಿದೆ ಅಂತ" ಅಂದರು, ಒಂದೊಂದೇ ಅಕ್ಷರ ಬಿಡಿಸಿ, ಮಕ್ಕಳಿಗೆ ಹೇಳುವ ಹಾಗೆ. ಪಕ್ಕದವರು ನಕ್ಕರು. ಆಮೇಲೆ ನನ್ನ ಮಗಳ ಕಡೆ ಬಗ್ಗಿ "ಅಮ್ಮಂಗೆ ನೀನೇ ಹೇಳ್ಕೊಡಮ್ಮ" ಅಂದರು. ಹಿಂದಿನ ದಿನ ಇಡೀ ಸಂಜೆ ವಾಲಿದ ದೋಣಿಯಲ್ಲಿ ಅಳದೆ ಕೂತಿದ್ದ ಹುಡುಗಿ ಅದು. ಅವಳು ತಲೆ ತಗ್ಗಿಸಿದಳು. ಅದನ್ನು ನಾನು ಮರೆಯುವುದಿಲ್ಲ.

ನಿಮ್ಮ ಟೆಕ್ನಿಷಿಯನ್‌ಗೆ ಗೊತ್ತಿರಬೇಕಾದದ್ದನ್ನು ನಾನು ಮನೆಗೆ ಹೋಗಿ ಓದಿ, ಮಲ್ಟಿಮೀಟರ್ ಹಿಡಿದು ಕಂಡುಕೊಂಡೆ. ಟ್ಯಾಂಕಿನೊಳಗಿನ ಸೆಂಡರ್, ಅಂದರೆ ಡೀಸೆಲ್ ಮಟ್ಟ ಅಳೆದು ಗೇಜಿಗೆ ತಿಳಿಸುವ ಭಾಗ, ಯುರೋಪಿನದು. ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಟ್ಯಾಂಕ್ ಖಾಲಿ ಇದ್ದಾಗ ಸುಮಾರು 10 ಓಮ್, ತುಂಬಿದಾಗ 180. ಮುಂದೆ ಕೂರಿಸಿರುವ ಗೇಜ್ ಅಮೆರಿಕದ್ದು. ಅದಕ್ಕೆ 240 ಓಮ್ ಅಂದರೆ ಖಾಲಿ, 33 ಅಂದರೆ ಫುಲ್. ಎರಡನ್ನೂ ಜೋಡಿಸಿದರೆ ಟ್ಯಾಂಕ್ ಖಾಲಿಯಾದಷ್ಟೂ ಮುಳ್ಳು ಫುಲ್ ಕಡೆಗೇ ಹೋಗುತ್ತದೆ. ಗೇಜ್ ಕೆಟ್ಟಿಲ್ಲ, ಸೆಂಡರ್ ಕೆಟ್ಟಿಲ್ಲ, ತಪ್ಪು ಜೋಡಿ ಹಾಕಿದ್ದಾರೆ ಅಷ್ಟೆ. ಗೇಜೇ ಇಲ್ಲದಿದ್ದರೆ ನಾನು ದಿನಾ ಕಡ್ಡಿ ಬಿಟ್ಟು ನೋಡುತ್ತಿದ್ದೆ, ನಡುನೀರಿನಲ್ಲಿ ನಿಲ್ಲುತ್ತಿರಲಿಲ್ಲ.

ಬ್ಯಾಟರಿ ಮಾನಿಟರ್‌ದೂ ಇದೇ ಪಾಡು. ಅದು 100 ಪರ್ಸೆಂಟ್ ಅನ್ನುತ್ತದೆ. ಎಲ್ಲಾ ಆಫ್ ಮಾಡಿ ರಾತ್ರಿಯಿಡೀ ಬಿಟ್ಟು ವೋಲ್ಟ್ ನೋಡಿದರೆ 11.9. ತುಂಬಿದ ಬ್ಯಾಟರಿ 12.7 ಆಸುಪಾಸು ಇರಬೇಕು, 12.2ಕ್ಕೆ ಅರ್ಧ, 11.9 ಅಂದರೆ ಹೆಚ್ಚೂಕಮ್ಮಿ ಬರಿದು. ಕಾರಣ ಹುಡುಕಿದರೆ, ಫ್ರಿಜ್‌ನ ನೆಗೆಟಿವ್ ವೈರನ್ನು ಶಂಟ್ (ಮಾನಿಟರ್ ಕರೆಂಟ್ ಅಳೆಯುವ ತುಂಡು) ದಾಟಿಸಿ ನೇರ ಬ್ಯಾಟರಿಗೆ ಬಿಗಿದಿದ್ದಾರೆ. ಫ್ರಿಜ್ ಕುಡಿಯುವ ಕರೆಂಟ್ ಮಾನಿಟರಿನ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಆ ಹೆಸರಿಲ್ಲದ ಕೆಂಪು ದೀಪ. ಜೆಟ್ಟಿಯ ಕರೆಂಟ್ ಜೋಡಿಸಿದಾಗಲೆಲ್ಲ ಉರಿಯುತ್ತದೆ. ಎರಡು ಸಲ ಕೇಳಿದೆ. "ಅದು ಹಳೇ ಓನರ್ ಹಾಕಿಸಿದ್ದು, ಬಿಟ್ಬಿಡಿ" ಅಂದರು. ಅದು ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದೆ ಅಂತ ಹೇಳುವ ದೀಪ. ಹಾಗಿರುವಾಗ ನನ್ನ ದೋಣಿಯ, ಒಂದೇ ವೈರ್ ಕಡಿಯುವ ಒಂಟಿ ಬ್ರೇಕರ್ ಆಫ್ ಮಾಡಿದರೂ ಒಳಗಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಿಟ್ಬಿಡಿ ಅಂದಿರಲ್ಲ, ಆಫ್ ಮಾಡಿದ್ದೀನಿ ಅಂತ ನಂಬಿ ನನ್ನ ಮಗಳು ಕೈ ಇಟ್ಟಿದ್ದರೆ?

ಹನ್ನೊಂದರಲ್ಲಿ ನಾಲ್ಕು ಹೀಗೆ. ಉಳಿದ ಏಳನ್ನು ನಾನು ಇನ್ನೂ ನಂಬುತ್ತಿಲ್ಲ.

ಈ ಪತ್ರ ಸಿಕ್ಕ ಏಳು ದಿನದೊಳಗೆ ಕೆಲಸ ಗೊತ್ತಿರುವವರನ್ನು ದೋಣಿಗೆ ಕಳಿಸಿ. ಗೇಜಿಗೆ ಸರಿಯಾದ ಸೆಂಡರ್ ಹಾಕಬೇಕು, ವೈರಿಂಗ್ ಸರಿಮಾಡಬೇಕು, ಪ್ರತಿಯೊಂದಕ್ಕೂ ಹೆಸರು ಅಂಟಿಸಬೇಕು, ನಕ್ಷೆ ಕೊಡಬೇಕು. ಮತ್ತೆ, ಆ ಟೆಕ್ನಿಷಿಯನ್ ನನ್ನ ಮಗಳ ಹತ್ತಿರ ಕ್ಷಮೆ ಕೇಳಬೇಕು. ನನ್ನ ಹತ್ತಿರ ಬೇಡ.

ಬರದಿದ್ದರೆ ಹೊರಗಿನ ಸರ್ವೇಯರ್ ಒಬ್ಬರನ್ನು ಕರೆಸಿ ಹನ್ನೊಂದನ್ನೂ ಅಳತೆ ಮಾಡಿಸುತ್ತೇನೆ. ಆ ವರದಿ ಗ್ರಾಹಕರ ನ್ಯಾಯಾಲಯಕ್ಕೂ ಹೋಗುತ್ತದೆ, ವಿಮೆ ಕಂಪನಿಗೂ ಹೋಗುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ರಜೆ ದಿನಗಳಲ್ಲಿ ನಿಮ್ಮ ಜೆಟ್ಟಿಗೆ ಬಂದು, ದೋಣಿ ನೋಡಲು ಬರುವ ಒಬ್ಬೊಬ್ಬರಿಗೂ ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡಿ ಅಂತ ನಾನೇ ಹೇಳುತ್ತೇನೆ. ಕಡ್ಡಿಯನ್ನೂ ನಾನೇ ತರುತ್ತೇನೆ.

ಇಂತಿ,
ನಿಮ್ಮಿಂದ ಆ ದೋಣಿ ಕೊಂಡವಳು