ಮಗಳಿಗೊಂದು ಪತ್ರ: ನಿನ್ನ ಅಪ್ಪನನ್ನು ನಾನು ಒಪ್ಪಿಕೊಂಡ ಬಗೆ

ಪ್ರೀತಿಯ ಮಗಳೇ,

ಒಂದು ಮಾತನ್ನೂ ಆಡದೆ ಅಪ್ಪನನ್ನು ಹೇಗೆ ಒಪ್ಪಿಕೊಂಡೆ ಎಂದು ನೀನು ಫೋನಿನಲ್ಲಿ ಕೇಳಿದಾಗ ನನಗೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಬರೆಯುವುದು ನನಗೆ ಮೊದಲಿನಿಂದಲೂ ಮಾತಿಗಿಂತ ಸುಲಭ, ಆದ್ದರಿಂದ ಈ ಪತ್ರ.

2001ರ ದೀಪಾವಳಿ ಕಳೆದ ಮೇಲೆ ಅವರು ಶನಿವಾರಸಂತೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದರು. ಆಗ ಅವರು ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರ್ ಪಡೆಯ ಸೈನಿಕ. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಕೇಂದ್ರದಲ್ಲಿ ತರಬೇತಿ ಪಡೆದವರು. ನೆಂಟರೆದುರು ನಿಲ್ಲುವುದಕ್ಕೇ ಅಂಜುತ್ತಿದ್ದ ನಾನು ಕಾಫಿ ಲೋಟ ಕೊಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವರೋ ಜಗಲಿಯಲ್ಲಿ ಕುಳಿತು ನಮ್ಮ ತಾತನೊಡನೆ ಗಂಟೆಗಟ್ಟಲೆ ಹರಟಿದರು. ಈ ಜೋಡಿ ಹೊಂದುವುದಿಲ್ಲವೆಂದು ಚಿಕ್ಕಮ್ಮ ಅಂದೇ ಹೇಳಿದ್ದರು. ಆದರೂ ನಿಶ್ಚಿತಾರ್ಥವಾಯಿತು, ಕಾಫಿ ಕೊಯ್ಲು ಮುಗಿದ ಮೇಲೆ ಮದುವೆಯೆಂದು ಹಿರಿಯರು ಮಾತಾಡಿಕೊಂಡರು.

ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಆಪರೇಷನ್ ಪರಾಕ್ರಮ್ ಎಂಬ ಹೆಸರಿನಲ್ಲಿ ಸೈನ್ಯದ ದೊಡ್ಡ ಭಾಗ ಪಶ್ಚಿಮದ ಪಾಕಿಸ್ತಾನ ಗಡಿಗೆ ಹೊರಟಿತು. ರಜೆಗಳು ರದ್ದಾದವು, ನಮ್ಮ ಮದುವೆ ನಿಂತಿತು. ಆಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಕಳುಹಿಸಿದವರ ವಿಳಾಸದಲ್ಲಿ ಊರಿನ ಹೆಸರಿರಲಿಲ್ಲ. ಘಟಕದ ಹೆಸರು ಮತ್ತು ಸೇನೆಯ ಅಂಚೆಯ ವಿಳಾಸವಾದ 56 ಎ.ಪಿ.ಓ. ಎಂದಷ್ಟೇ ಇತ್ತು. ‘ನೀವು ನನ್ನೊಡನೆ ಮಾತಾಡದಿದ್ದರೂ ಪರವಾಗಿಲ್ಲ, ಉತ್ತರ ಬರೆಯಿರಿ’ ಎಂದು ಕೇಳಿದ್ದರು. ನನ್ನ ನಾಚಿಕೆಯನ್ನು ತಿದ್ದಬೇಕೆಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಅದನ್ನು ಇದ್ದ ಹಾಗೆಯೇ ಬಿಟ್ಟು ನನ್ನ ಬಳಿಗೆ ಬರಲು ಬೇರೊಂದು ದಾರಿಯನ್ನು ಹುಡುಕಿದವರು ಅವರೊಬ್ಬರೇ. ನಾನು ಅವರನ್ನು ನಿಜವಾಗಿ ಒಪ್ಪಿಕೊಂಡದ್ದು ಆ ಸಾಲನ್ನು ಓದಿದಾಗ, ನಿಶ್ಚಿತಾರ್ಥದ ದಿನವಲ್ಲ.

ಮೊದಲ ಉತ್ತರದಲ್ಲಿ ಕ್ಷೇಮ ಸಮಾಚಾರದ ಹೊರತು ಏನೂ ಇರಲಿಲ್ಲ. ಆಮೇಲೆ ಹೂಮಳೆ ಬಿದ್ದು ತೋಟ ಬೆಳ್ಳಗಾದದ್ದು, ಕರಿಮೆಣಸಿನ ಬೆಲೆ, ತಾತನ ಕೆಮ್ಮು, ನನಗೆ ಓದು ಮುಂದುವರಿಸುವ ಆಸೆಯಿದ್ದದ್ದು ಎಲ್ಲವನ್ನೂ ಬರೆಯುತ್ತ ಹೋದೆ. ಇನ್‌ಲ್ಯಾಂಡಿನ ಮಡಿಕೆಯ ಅಂಚಿನಲ್ಲಿಯೂ ಜಾಗ ಬಿಡುತ್ತಿರಲಿಲ್ಲ. ಅವರು ಮರಳಿನ ಬಿರುಗಾಳಿಯ ಬಗ್ಗೆ, ಒಂಟೆಗಳ ಬಗ್ಗೆ, ಲಂಗರ್ ಎಂದು ಕರೆಯುವ ಸೈನ್ಯದ ಅಡುಗೆಮನೆಯಲ್ಲಿ ತಮಿಳು, ತೆಲುಗು, ಮಲಯಾಳದ ಹುಡುಗರೆಲ್ಲ ಸೇರಿ ಸಾಂಬಾರು ಮಾಡಿದ ಬಗ್ಗೆ ಬರೆಯುತ್ತಿದ್ದರು. ಕೆಲಸವೇನೆಂದು ಮಾತ್ರ ಎಂದೂ ಬರೆಯಲಿಲ್ಲ. ಗಡಿಯುದ್ದಕ್ಕೂ ರೈತರ ಹೊಲಗಳಲ್ಲಿ ಮೈನ್, ಅಂದರೆ ನೆಲಬಾಂಬು, ಹೂಳುವ ಕೆಲಸ ಎಂಜಿನಿಯರ್ ಪಡೆಯದೆಂದು, ಹೂಳುವಾಗಲೇ ಸಿಡಿದು ಸೈನಿಕರು ಸಾಯುತ್ತಿದ್ದಾರೆಂದು ನನಗೆ ತಿಳಿದದ್ದು ಪತ್ರಿಕೆಗಳಿಂದ.

2002ರ ಮೇ ತಿಂಗಳಿನಲ್ಲಿ ಜಮ್ಮುವಿನ ಕಾಲೂಚಕ್‌ನಲ್ಲಿ ಸೈನಿಕರ ಕುಟುಂಬಗಳ ಮೇಲೆಯೇ ದಾಳಿ ನಡೆದಾಗ ಯುದ್ಧ ಇಂದೋ ನಾಳೆಯೋ ಎಂಬಂತಾಯಿತು. ಸಂಬಂಧವನ್ನು ಮುರಿಯುವುದೇ ಲೇಸೆಂದು ಬಂಧುಗಳು ಮನೆಯಲ್ಲಿ ಸೇರಿದರು. ನನ್ನ ಮೇಲಿನ ಅಕ್ಕರೆಯಿಂದಲೇ ಹಾಗೆ ಹೇಳಿದರು, ಅವರನ್ನು ನಾನು ದೂರುವುದಿಲ್ಲ. ನಾನು ಅಡುಗೆಮನೆಯಿಂದ ಹೊರಗೆ ಬಂದು, ಎಲ್ಲರೆದುರು, ‘ನಾನು ಕಾಯುತ್ತೇನೆ’ ಎಂದೆ. ಕಾಲು ನಡುಗುತ್ತಿತ್ತು, ಆದರೆ ಮಾತು ನಡುಗಲಿಲ್ಲ. ನಾಚುವ ಹೆಣ್ಣಿಗೆ ಸ್ವಂತ ನಿರ್ಧಾರವಿರುವುದಿಲ್ಲವೆಂದು ಯಾರಾದರೂ ಹೇಳಿದರೆ ನೀನು ನಂಬಬೇಡ.

ಅಕ್ಟೋಬರಿನಲ್ಲಿ ಸೈನ್ಯವನ್ನು ಹಿಂದೆ ಕರೆಸುವ ತೀರ್ಮಾನವಾಯಿತು. ಆದರೆ ಹೂಳಿದ್ದನ್ನು ತೆಗೆಯದೆ ಸ್ಯಾಪರ್‌ಗಳು ಹಿಂದಿರುಗುವಂತಿರಲಿಲ್ಲ. ಮರಳು ಜರುಗಿದ ಕಡೆ ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ ಮೈನ್ ಸಿಗುವುದಿಲ್ಲ, ಹುಡುಕಿ ತೆಗೆಯುವುದು ಹೂಳುವುದಕ್ಕಿಂತ ನಿಧಾನದ ಕೆಲಸ. ಕೊನೆಗೆ 2003ರ ಬೇಸಿಗೆಯಲ್ಲಿ ಅವರಿಗೆ ರಜೆ ಸಿಕ್ಕಿ ಮದುವೆಯಾಯಿತು. ಧಾರೆ ಮುಗಿದು ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಾಗ, ‘ಎಲ್ಲವನ್ನೂ ತೆಗೆದಿರಾ?’ ಎಂದು ಕೇಳಿದೆ. ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ‘ಇನ್ನೂ ಇವೆ, ರಜೆ ಮುಗಿದ ಮೇಲೆ ಅಲ್ಲಿಗೇ ಹೋಗಬೇಕು’ ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲವೆಂದು ನನಗೆ ಭಯಕ್ಕಿಂತ ನೆಮ್ಮದಿಯೇ ಹೆಚ್ಚಾಯಿತು.

ಮರಳುಗಾಡಿನ ಆ ದಿನಗಳ ಬಗ್ಗೆ ಅಪ್ಪ ತಾವಾಗಿ ಹೇಳುವುದು ಕಡಿಮೆ, ಆದರೆ ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಯುಗಾದಿಗೆ ಬಂದಾಗ ನೀನೇ ಕೇಳು.

ನಿನ್ನ ಅಮ್ಮ