ಶಾಸಕರೇ, ಆ ಬೀರುವಿನ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಹಾಸನದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಮಗಳು ಇಲ್ಲೇ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ. ಅವಳು ಎಂಟಕ್ಕೆ ಸೇರಿದ ವರ್ಷ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು ವರ್ಗವಾಗಿ ಹೋದರು. ಹುದ್ದೆ ಇವತ್ತಿಗೂ ಖಾಲಿ. ಮೂರು ವರ್ಷಕ್ಕೆ ಮೂವರು ಅತಿಥಿ ಶಿಕ್ಷಕರು. ಜೂನ್‌ನಲ್ಲಿ ಶಾಲೆ ಶುರುವಾದರೆ ಅವರು ಬರುವಷ್ಟರಲ್ಲಿ ಆಗಸ್ಟ್. ಪಾಪ, ಅವರನ್ನು ದೂರುತ್ತಿಲ್ಲ. ಗೌರವಧನ ತಿಂಗಳುಗಟ್ಟಲೆ ಬರದಿದ್ದರೆ ಯಾರು ತಾನೇ ನಿಲ್ಲುತ್ತಾರೆ?

ಮೊನ್ನೆ ರಾತ್ರಿ ಮಗಳು ಓಮ್‌ನ ನಿಯಮ ಬಾಯಿಪಾಠ ಮಾಡುತ್ತಿದ್ದಳು. ಕರೆಂಟ್ ಅಳೆಯುವ ಅಮ್ಮೀಟರ್ ಸರಣಿಯಲ್ಲಿ, ವೋಲ್ಟೇಜ್ ಅಳೆಯುವ ವೋಲ್ಟ್‌ಮೀಟರ್ ಸಮಾಂತರದಲ್ಲಿ. ಒಂದಕ್ಷರ ತಪ್ಪಿಲ್ಲ. ಆಮೇಲೆ ಕೇಳಿದಳು, “ಅಪ್ಪ, ಶಾಲೆ ಅಮ್ಮೀಟರ್ ನೋಡೋಕೆ ಹೇಗಿರುತ್ತೆ?”

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ದಿನ ಹೋಗಿ ಲ್ಯಾಬ್ ಬೀರು ತೆಗೆಯಿರಿ ಅಂದೆ. ಬೀಗದ ಕೈ ಹುಡುಕುವುದಕ್ಕೇ ಅರ್ಧ ಗಂಟೆ ಆಯಿತು. ಒಳಗೆ ಎಲ್ಲ ಇದೆ ಸ್ವಾಮಿ! ಅಮ್ಮೀಟರ್, ವೋಲ್ಟ್‌ಮೀಟರ್, ಗಾಜಿನ ಪಟ್ಟಕ (ಪ್ರಿಸಂ). ಮೀಟರಿನ ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಸೂಜಿ ಸೊನ್ನೆ ಬಿಟ್ಟು ಕದಲಿಲ್ಲ. “ಮಕ್ಕಳು ಒಡೆದರೆ ಸ್ಟಾಕ್ ರಿಜಿಸ್ಟರ್‌ಗೆ ಏನು ಬರೆಯೋದು?” ಅಂದರು ಶಾಲೆಯವರು. ಒಡೆದರೆ ನಾನೇ ತಂದುಕೊಡುತ್ತೇನೆ ಅಂದೆ. ನನ್ನ ಕಣ್ಣೆದುರೇ ಮತ್ತೆ ಬೀಗ ಹಾಕಿದರು. ಮೈಯೆಲ್ಲ ಉರಿದುಹೋಯಿತು.

ಕಚೇರಿಗೆ ನಾಲ್ಕು ಅರ್ಜಿ ಕೊಟ್ಟೆ. ಒಂದಕ್ಕೂ ಹಿಂಬರಹ ಇಲ್ಲ. 6ರಿಂದ 8ನೇ ತರಗತಿಗೆ ಗಣಿತ-ವಿಜ್ಞಾನಕ್ಕೆ ಕನಿಷ್ಠ ಒಬ್ಬ ಶಿಕ್ಷಕರು ಇರಲೇಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಮತ್ತೆ ಖಾಯಂ ಪಿಸಿಎಂ ಶಿಕ್ಷಕರು ಯಾಕಿಲ್ಲ? ಎಷ್ಟು ಸಲ ಕೇಳಬೇಕು?

1982ರಿಂದ ಇಸ್ರೋದ ಎಂಸಿಎಫ್ (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ) ನಮ್ಮೂರಲ್ಲೇ ಇದೆ ಅಲ್ವಾ? ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಗಳನ್ನು ಇಲ್ಲಿಂದಲೇ ನಡೆಸುತ್ತಾರೆ. ಸಾಲಗಾಮೆ ರಸ್ತೆ ಕಡೆ ಹೋದಾಗಲೆಲ್ಲ ಮಗಳು ಆ ದೊಡ್ಡ ಆಂಟೆನಾಗಳನ್ನೇ ನೋಡುತ್ತಾಳೆ. ಅಲ್ಲೇ ಕೆಲಸಕ್ಕೆ ಸೇರಬೇಕಂತೆ. ಅವಳು ಇನ್ನೂ ಒಂದು ವೈರನ್ನೂ ಮೀಟರಿಗೆ ಸಿಕ್ಕಿಸಿಲ್ಲ.

ಜಾಸ್ತಿ ಏನೂ ಕೇಳುತ್ತಿಲ್ಲ. ಖಾಯಂ ಪಿಸಿಎಂ ಶಿಕ್ಷಕರನ್ನು ಹಾಕಿಸಿ. ಬೀರುವಿನ ಬೀಗ ತೆಗೆಸಿ. ಪರೀಕ್ಷೆ ಮಾರ್ಚ್‌ಗೆ ಇದೆ. ನನ್ನ ಮಗಳಿಗೆ ತಡವಾಯಿತು ಅನ್ನುವುದಾದರೆ, ಈ ವರ್ಷ ಎಂಟಕ್ಕೆ ಸೇರಿದ ಮಕ್ಕಳಿಗಾದರೂ ಶಿಕ್ಷಕರನ್ನು ಕೊಡಿ.

ಇಂತಿ,
ಒಬ್ಬ ವಿದ್ಯಾರ್ಥಿನಿಯ ತಂದೆ, ಹಾಸನ