ಒಣ ಊರಿಗೆ ಹೊರಡುವ ಮೊದಲು ಒಂದು ಬೇಸಿಗೆ ಅಲ್ಲಿದ್ದು ನೋಡಿ

ಸಂಪಾದಕರಿಗೆ ನಮಸ್ಕಾರ.

ಥಂಡಿ ಹವೆ ಬಿಟ್ಟು ಒಣ ಹವೆ ಇರುವ ಕಡೆ ನೆಲೆಸಿದರೆ ಉಬ್ಬಸ, ಮಂಡಿನೋವು ಎಲ್ಲ ಹೋಗುತ್ತದೆ, ಮನಸ್ಸಿಗೂ ನೆಮ್ಮದಿ, ಅದಕ್ಕೇ ಮನೆ ಮಾರಿ ಹೊರಡುತ್ತಿದ್ದೇವೆ ಅಂತ ಓದುಗರೊಬ್ಬರು ಹೋದ ವಾರ ಇದೇ ಅಂಕಣಕ್ಕೆ ಬರೆದಿದ್ದರು. ಓದಿದ ದಿನದಿಂದ ನನಗೆ ಸಮಾಧಾನವಿಲ್ಲ. ನಾನೂ ಹಾಗೆ ಊರು ಬಿಟ್ಟವಳು. ನಾಲ್ಕು ವರ್ಷವಾಯಿತು. ನನಗೆ ಒಳ್ಳೆಯದೇ ಆಗಿದೆ. ನನ್ನ ಅಕ್ಕನೂ ಬಿಟ್ಟಳು, ಅವಳಿಗೆ ಆಗಲಿಲ್ಲ, ವಾಪಸ್ ಬರೋಣ ಅಂದರೆ ಇದ್ದ ಮನೆ ಮಾರಿಯಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಹದಿನಾರು ವರ್ಷದಿಂದ ಅಸ್ತಮಾ. ನಾವಿದ್ದ ಹಳೆಯ ಮನೆಯಲ್ಲಿ ಗೋಡೆ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತಿತ್ತು, ಬೀರು ತೆಗೆದರೆ ಬೂಷ್ಟಿನ ವಾಸನೆ, ಒಗೆದ ಬಟ್ಟೆ ಮೂರು ದಿನವಾದರೂ ಹಸಿಹಸಿ. ರಾತ್ರಿ ಎರಡು, ಮೂರು ಗಂಟೆಗೆ ಎದೆ ಕುಂಯ್ ಅನ್ನಲು ಶುರುವಾಗುತ್ತಿತ್ತು. ಎದ್ದು ಕೂರುವುದು, ಕತ್ತಲಲ್ಲೇ ಇನ್ಹೇಲರ್ ಹುಡುಕುವುದು, ಉಸಿರು ಸರಿಯಾಗುವವರೆಗೆ ದಿಂಬಿಗೆ ಒರಗಿಕೊಂಡು ಕಿಟಕಿ ನೋಡುವುದು. ಉಬ್ಬಸ ಇದ್ದವರಿಗೆ ಗೊತ್ತು, ಬಂದಾಗಿನ ಕಷ್ಟಕ್ಕಿಂತ ಬರುತ್ತೋ ಇಲ್ವೋ ಅಂತ ಕಾಯುವ ಕಷ್ಟ ಜಾಸ್ತಿ. ನನ್ನ ಉಸಿರಿಗೆ ನಾನೇ ಕಿವಿ ಕೊಟ್ಟುಕೊಂಡು ವರ್ಷಗಟ್ಟಲೆ ಮಲಗಿದ್ದೇನೆ.

ಮೊದಲು ತೋರಿಸಿದ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಎರಡು ನಿಮಿಷ ನೋಡಿ, "ನಿಮಗೆ ಈ ಹವೆ ಒಗ್ಗಲ್ಲ, ಒಣ ಊರಿಗೆ ಹೋಗಿಬಿಡಿ" ಅಂದರು. ಅಷ್ಟೇ. ಒಂದು ಪರೀಕ್ಷೆಯನ್ನೂ ಬರೆಯಲಿಲ್ಲ. ಒಬ್ಬರ ಬದುಕನ್ನೇ ಕಿತ್ತು ಬೇರೆ ಕಡೆ ನೆಡುವ ಮಾತನ್ನು ಅಷ್ಟು ಸಲೀಸಾಗಿ ಹೇಳಬಾರದು, ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಎರಡನೆಯವರು ಚರ್ಮದ ಮೇಲೆ ಹನಿ ಹಾಕಿ ಚುಚ್ಚಿ ನೋಡುವ ಅಲರ್ಜಿ ಟೆಸ್ಟ್ ಮಾಡಿಸಿದರು. ಕಾಲು ಗಂಟೆಯಲ್ಲಿ ಕೈ ಮೇಲೆ ದದ್ದು ಎದ್ದು ಗೊತ್ತಾಯಿತು. ನನಗೆ ಆಗದಿರುವುದು ಬೂಷ್ಟು ಮತ್ತು ಮನೆಧೂಳಿನಲ್ಲಿರುವ ಮೈಟ್ ಅನ್ನುವ ಹುಳ. ಪರಾಗಕ್ಕೆ ಏನೂ ಆಗಲಿಲ್ಲ.

ಈ ಮೈಟ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಒಣ ಹವೆಯ ಗುಟ್ಟೆಲ್ಲ ಅಲ್ಲೇ ಇದೆ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ, ಕಣ್ಣಿಗೆ ಕಾಣುವುದೇ ಇಲ್ಲ ಅನ್ನಿ. ಹಾಸಿಗೆ, ದಿಂಬು, ಸೋಫಾದಲ್ಲಿ ಇದ್ದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿನ್ನುತ್ತದೆ. ಮನೆಧೂಳಿನ ಅಲರ್ಜಿಗೆ ಇದೇ ಕಾರಣ ಅಂತ 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಂಡುಹಿಡಿದರು. ಈ ಹುಳ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಹೀರಿಕೊಂಡು ಬದುಕುತ್ತದೆ. ಹಾಗಾಗಿ ಮನೆಯೊಳಗಿನ ತೇವಾಂಶ ಶೇ 50ಕ್ಕಿಂತ ಕೆಳಗೆ ಬಹಳ ದಿನ ನಿಂತರೆ ಒಣಗಿ ಸಾಯುತ್ತದೆ. ಬೂಷ್ಟಿಗೂ ತೇವವೇ ಬೇಕು. ಅಂದರೆ ನನ್ನಂಥವರಿಗೆ ಒಣ ಹವೆ ಯಾಕೆ ಒಗ್ಗುತ್ತದೆ ಅನ್ನುವುದಕ್ಕೆ ಸರಿಯಾದ ಕಾರಣ ಇದೆ, ಅದು ಬರೀ ನಂಬಿಕೆ ಅಲ್ಲ. ಆದರೆ ಪರಾಗಕ್ಕೆ ಸೀನುವವರಿಗೆ ಈ ಲೆಕ್ಕ ಬರುವುದಿಲ್ಲ. ಒಣ ಗಾಳಿ ಪರಾಗವನ್ನು ಇನ್ನೂ ದೂರ ಹೊತ್ತುಕೊಂಡು ಹೋಗುತ್ತದೆ.

ಅಕ್ಕನಿಗೆ ಆಗಿದ್ದು ಅದೇ. ಅವಳದು ಉಬ್ಬಸ ಅಲ್ಲ, ಸೀನು, ಮೂಗು ಸೋರುವುದು, ಕಣ್ಣು ಕೆರೆತ. ನನಗೆ ಗುಣ ಕಂಡಿತು ಅಂತ ಅವಳೂ ಹೊರಟಳು. ಟೆಸ್ಟ್ ಮಾಡಿಸು ಅಂತ ನಾನು ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಅವಳಿಗೆ ಆಗದಿರುವುದು ಹುಲ್ಲಿನ ಪರಾಗ. ಹೊಸ ಮನೆಯ ಸುತ್ತ ಬಯಲು, ಬಯಲು ತುಂಬ ಹುಲ್ಲು, ದಿನವಿಡೀ ಗಾಳಿ. ಅದರ ಮೇಲೆ ಚಿಕ್ಕಂದಿನಿಂದ ಇದ್ದ ಎಕ್ಸಿಮಾ ಅನ್ನುವ ಚರ್ಮದ ಕಾಯಿಲೆ ಒಣ ಹವೆಗೆ ಕೆರಳಿ ಮೊಣಕೈ, ಕತ್ತು ಎಲ್ಲ ಬಿರಿಯಿತು. ಒಂದೂವರೆ ವರ್ಷ ತಡೆದುಕೊಂಡಳು, ಪಾಪ.

ಇದು ಅವಳೊಬ್ಬಳಿಗೆ ಆಗಿದ್ದಲ್ಲ. ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ಅಂತ ಒಂದು ಊರಿದೆ. ಮರುಭೂಮಿ, ಒಣ ಗಾಳಿ, ಕ್ಷಯ ಇದ್ದವರು, ಉಬ್ಬಸ ಇದ್ದವರು, ಅಲರ್ಜಿ ಇದ್ದವರು ಎಲ್ಲಾ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದರು. ಊರು ಬೆಳೆಯಿತು. ಮನೆ ಮುಂದೆ ನೆರಳು ಬೇಕು, ಹಸಿರು ಬೇಕು ಅಂತ ಹಿಪ್ಪುನೇರಳೆ ಮರ, ಆಲಿವ್ ಮರ, ಗರಿಕೆ ಹುಲ್ಲು ಎಲ್ಲ ನೆಟ್ಟರು. ಮೂರೂ ಜೋರಾಗಿ ಪರಾಗ ಉದುರಿಸುವವೇ. ಯಾವುದನ್ನು ಬಿಟ್ಟು ಓಡಿಬಂದಿದ್ದರೋ ಅದೇ ಬಾಗಿಲಿಗೆ ಬಂದು ನಿಂತಿತು. ಕೊನೆಗೆ 1980ರ ದಶಕದಲ್ಲಿ ಅಲ್ಲಿನ ಆಡಳಿತ ಪರಾಗ ಉದುರಿಸುವ ಹಿಪ್ಪುನೇರಳೆ ಮತ್ತು ಆಲಿವ್ ಗಿಡಗಳ ಮಾರಾಟಕ್ಕೇ ತಡೆ ಹಾಕಬೇಕಾಯಿತು. ಅದೇ ಸೀಮೆಯ ಒಣ ಮಣ್ಣಿನಲ್ಲಿ ಒಂದು ಜಾತಿಯ ಬೂಷ್ಟೂ ಇದೆ, ಧೂಳಿನ ಜೊತೆ ಎದೆಗೆ ಹೋಗಿ ವ್ಯಾಲಿ ಫೀವರ್ ಅನ್ನುವ ಕಾಯಿಲೆ ತರುತ್ತದೆ. ಒಣ ಊರು ಅಂದರೆ ಧೂಳಿನ ಊರು ಕೂಡ. ಇದನ್ನು ಯಾರೂ ಹೇಳುವುದೇ ಇಲ್ಲ ನೋಡಿ.

ಹವೆ ಬದಲಾಯಿಸಿದರೆ ಕಾಯಿಲೆ ವಾಸಿ ಅನ್ನುವ ಮಾತು ಇಷ್ಟು ಗಟ್ಟಿಯಾಗಿ ನಮ್ಮ ತಲೆಯಲ್ಲಿ ಕೂತಿರುವುದು ಕ್ಷಯದ ಕಾಲದಿಂದ ಇರಬೇಕು. 1854ರಲ್ಲಿ ಹರ್ಮನ್ ಬ್ರೆಮರ್ ಅನ್ನುವ ಜರ್ಮನ್ ಡಾಕ್ಟರು ಬೆಟ್ಟದ ಊರಿನಲ್ಲಿ ಕ್ಷಯರೋಗಿಗಳಿಗೆ ಆರೋಗ್ಯಧಾಮ ತೆರೆದರು. ಆಮೇಲೆ ಸ್ವಿಟ್ಜರ್ಲೆಂಡಿನ ದಾವೋಸ್ ಇದಕ್ಕೇ ಹೆಸರಾಯಿತು. 1882ರಲ್ಲಿ ರಾಬರ್ಟ್ ಕೋಚ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ ಮೇಲೂ ಜನ ದಶಕಗಳ ಕಾಲ ಬೆಟ್ಟಕ್ಕೆ ಹೋಗುತ್ತಲೇ ಇದ್ದರು, ಬೇರೆ ಔಷಧಿ ಎಲ್ಲಿತ್ತು? 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು, ಅದರ ಹಿಂದೆ ಬೇರೆ ಔಷಧಿಗಳೂ ಬಂದವು, ಆ ಆರೋಗ್ಯಧಾಮಗಳು ಒಂದೊಂದಾಗಿ ಬಾಗಿಲು ಹಾಕಿದವು. ವಿಶ್ರಾಂತಿ, ಬಿಸಿಲು, ಹೊಟ್ಟೆ ತುಂಬ ಊಟದಿಂದ ಒಂದಷ್ಟು ಜನ ಚೇತರಿಸಿಕೊಂಡಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಔಷಧಿ ಇರುವ ಕಾಲದಲ್ಲಿ ಹವೆಯನ್ನೇ ನಂಬಿ ಔಷಧಿ ಬಿಡಬೇಡಿ. ನಾನು ಇವತ್ತಿಗೂ ಇನ್ಹೇಲರ್ ತೆಗೆದುಕೊಳ್ಳುತ್ತೇನೆ. ಡೋಸ್ ಇಳಿದಿದೆ, ಇಳಿಸಿದ್ದು ಡಾಕ್ಟರು.

ಇನ್ನು ಮಂಡಿನೋವು. 2019ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 2,658 ಜನರ ನೋವನ್ನು ಫೋನಿನಲ್ಲೇ ದಿನಾ ಬರೆಸಿಕೊಂಡು, ಅವರವರು ಇದ್ದಲ್ಲಿನ ಹವೆಯ ಜೊತೆ ಹೋಲಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ತೇವ ಜಾಸ್ತಿ, ಗಾಳಿಯ ಒತ್ತಡ ಕಡಿಮೆ ಇರುವ ದಿನ ನೋವು ಜಾಸ್ತಿಯಾಗುವುದು ನಿಜ ಅಂತಲೇ ಗೊತ್ತಾಯಿತು. ಮೋಡ ಕಟ್ಟಿದರೆ ಮಂಡಿ ಹೇಳುತ್ತದೆ ಅನ್ನುತ್ತಿದ್ದ ಹಿರಿಯರ ಮಾತು ಸುಳ್ಳಲ್ಲ. ಆದರೆ ವ್ಯತ್ಯಾಸ ದೊಡ್ಡದಲ್ಲ, ಹವೆ ತೀರಾ ಕೆಟ್ಟಿರುವ ದಿನ ನೋವು ಹೆಚ್ಚುವ ಸಾಧ್ಯತೆ ಸುಮಾರು ಶೇ 20ರಷ್ಟು ಏರುತ್ತದೆ, ಅಷ್ಟೇ. ಸವೆದ ಕೀಲು ಒಣ ಊರಿನಲ್ಲೂ ಸವೆದೇ ಇರುತ್ತದೆ. ನಮ್ಮವರಿಗೂ ಮಂಡಿನೋವು ಇದೆ, ಇಲ್ಲಿಗೆ ಬಂದ ಮೇಲೆ ಸ್ವಲ್ಪ ವಾಸಿ ಅನ್ನುತ್ತಾರೆ, ಬೆಳಿಗ್ಗೆ ಒಂದು ಗಂಟೆ ನಡೆಯುವುದನ್ನೂ ಇಲ್ಲಿಗೆ ಬಂದ ಮೇಲೇ ಶುರು ಮಾಡಿದ್ದು. ಯಾವುದರಿಂದ ಗುಣವಾಯಿತು ಅಂತ ಹೇಗೆ ಹೇಳುವುದು?

ಹೊರಡುವ ಮೊದಲು ನಾವು ಎರಡು ಕೆಲಸ ಮಾಡಿದೆವು. ಒಂದು, ಇದ್ದ ಮನೆಯನ್ನೇ ಒಣಗಿಸಲು ನೋಡಿದೆವು. ತೇವ ಅಳೆಯುವ ಸಣ್ಣ ಮೀಟರ್ ತಂದು ಮಲಗುವ ಕೋಣೆಯಲ್ಲಿಟ್ಟರೆ 80 ತೋರಿಸಿತು. ಹಾಸಿಗೆ, ದಿಂಬಿಗೆ ಮೈಟ್ ತಡೆಯುವ ಕವರ್ ಹಾಕಿದೆವು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದೆವು, ಬಟ್ಟೆ ಒಳಗೆ ಒಣಹಾಕುವುದು ನಿಲ್ಲಿಸಿದೆವು, ತೇವ ಹೀರುವ ಮೆಷಿನ್ ಇಟ್ಟೆವು. ರಾತ್ರಿ ಏಳುವುದು ಅರ್ಧಕ್ಕರ್ಧ ಕಡಿಮೆಯಾಯಿತು, ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ವರ್ಷದ ನಿದ್ದೆ ಉಳಿಯುತ್ತಿತ್ತು ಅನ್ನಿಸುತ್ತದೆ. ಎಷ್ಟೋ ಜನರಿಗೆ ಇಲ್ಲಿಗೇ ಸಾಕಾಗಬಹುದು. ನಮ್ಮ ಗೋಡೆಗೆ ನೆಲದಿಂದಲೇ ತೇವ ಏರುತ್ತಿತ್ತು, ಅದಕ್ಕೆ ಏನು ಮಾಡಿದರೂ ನಿಲ್ಲಲಿಲ್ಲ.

ಎರಡನೆಯದು, ಹೋಗಬೇಕು ಅಂದುಕೊಂಡ ಊರಿನಲ್ಲಿ ಮೂರು ತಿಂಗಳು ಬಾಡಿಗೆಗೆ ಇದ್ದೆವು. ಅದೂ ಹಿತವಾದ ಕಾಲದಲ್ಲಿ ಅಲ್ಲ, ಕಡು ಬೇಸಿಗೆಯಲ್ಲಿ. ಮೊದಲ ವಾರವೇ ಮೂಗಿನಲ್ಲಿ ರಕ್ತ. ತುಟಿ ಒಡೆಯಿತು, ಹಿಮ್ಮಡಿ ಸೀಳಿತು, ಕಣ್ಣಿನಲ್ಲಿ ಮರಳು ಇದ್ದ ಹಾಗೆ. ಬೆವರು ಬಂದಿದ್ದೇ ಗೊತ್ತಾಗದೆ ಆರಿಹೋಗುತ್ತದೆ, ಹಾಗಾಗಿ ಮೈಯಿಂದ ನೀರು ಹೋಗುತ್ತಿದೆ ಅಂತ ಅನ್ನಿಸುವುದೇ ಇಲ್ಲ, ಬಾಯಾರಿದಾಗ ಕುಡಿದರಾಯಿತು ಅಂತ ಸುಮ್ನೆ ಇದ್ದರೆ ಕಿಡ್ನಿಯಲ್ಲಿ ಕಲ್ಲು ಕಟ್ಟಿಕೊಳ್ಳುವ ಭಯ. ಸೆಕೆ ತಡೆಯಲಾರದೆ ನೀರು ಹಾಕುವ ಏರ್ ಕೂಲರ್ ತಂದಿಟ್ಟೆವು. ತಿಂಗಳೊಳಗೆ ಕೆಮ್ಮು ವಾಪಸ್ ಬಂತು. ಮೀಟರ್ ನೋಡಿದರೆ 65! ಹೊರಗೆ ಒಣಗಿ ಬಿರುಕು ಬಿಟ್ಟ ನೆಲ, ಒಳಗೆ ನಾವೇ ದುಡ್ಡು ಕೊಟ್ಟು ತೇವ ತಂದುಕೊಂಡಿದ್ದೆವು. ಒಣ ಸೀಮೆಯ ಮನೆಗಳಲ್ಲಿ ಮೈಟ್ ಸೇರಿಕೊಳ್ಳುವುದಕ್ಕೆ ಕೂಲರ್ ಕೂಡ ಒಂದು ದಾರಿ ಅಂತ ಡಾಕ್ಟರು ಆಮೇಲೆ ಹೇಳಿದರು. ಕೂಲರ್ ತೆಗೆದೆವು, ಫ್ಯಾನ್ ಸಾಕು ಅಂತ ಇದ್ದುಬಿಟ್ಟೆವು. ಕೊನೆಯ ತಿಂಗಳಲ್ಲಿ ಒಂದು ರಾತ್ರಿಯೂ ನಾನು ಉಬ್ಬಸಕ್ಕೆ ಏಳಲಿಲ್ಲ. ಆಗ ತೀರ್ಮಾನ ಮಾಡಿದ್ದು.

ನೆಮ್ಮದಿಯ ಮಾತು. 1998ರಲ್ಲಿ ಡೇವಿಡ್ ಶ್ಕೇಡ್, ಡ್ಯಾನಿಯೆಲ್ ಕಾನಮನ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆಯ ಹವೆಗೆ ಹೆಸರಾದ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು, ಚಳಿ ಜಾಸ್ತಿ ಇರುವ ಮಿಡ್‌ವೆಸ್ಟ್ ಸೀಮೆಯ ವಿದ್ಯಾರ್ಥಿಗಳು, ಇಬ್ಬರನ್ನೂ ಕೇಳಿದರು. ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖವಾಗಿರುತ್ತಾರೆ ಅಂತ ಎರಡೂ ಕಡೆಯವರು ಅಂದುಕೊಂಡಿದ್ದರು, ಆದರೆ ತಮ್ಮ ತಮ್ಮ ಬದುಕು ಹೇಗಿದೆ ಅಂತ ಕೇಳಿದಾಗ ಇಬ್ಬರ ಉತ್ತರವೂ ಹೆಚ್ಚುಕಡಿಮೆ ಒಂದೇ ಇತ್ತು. ಇದನ್ನು ಓದಿದಾಗ ನನ್ನ ಮೊದಲ ವರ್ಷ ನೆನಪಾಯಿತು. ಎದೆ ಹಗುರ, ಮನೆ ಖಾಲಿ. ಸಂಜೆ ಮಾತಾಡಲು ಒಬ್ಬರಿಲ್ಲ, ಜ್ವರ ಬಂದರೆ ಬಾಗಿಲು ತಟ್ಟಿ ಕೇಳುವವರಿಲ್ಲ, ಹಳೆಯ ಗೆಳತಿಯ ಮಗಳ ಮದುವೆಯ ಫೋಟೋ ಫೋನಿನಲ್ಲಿ ನೋಡಿ ಅತ್ತಿದ್ದೇನೆ. ಪಕ್ಕದ ಮನೆಯವರ ಜೊತೆ ಸಲಿಗೆ ಬೆಳೆಯಲು ಎರಡು ವರ್ಷ ಬೇಕಾಯಿತು. ಹಾಗಾದರೆ ನೆಮ್ಮದಿ ಸಿಗಲಿಲ್ವಾ ಅಂತ ಕೇಳಿದರೆ, ಸಿಕ್ಕಿದೆ. ರಾತ್ರಿ ನನ್ನ ಉಸಿರಿಗೆ ಕಿವಿ ಕೊಡುವುದು ನಿಂತಿದೆ. ಅಷ್ಟು ನನಗೆ ದೊಡ್ಡದು. ಬೇರೆ ಚಿಂತೆಗಳೆಲ್ಲ ನಮ್ಮ ಜೊತೆಗೇ ಬಂದಿವೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೇಳಿಕೆ. ಅಲರ್ಜಿ ಬಲ್ಲ ಡಾಕ್ಟರೊಬ್ಬರಿಂದ ಇದರ ಬಗ್ಗೆ ಒಂದು ಪುಟ ಬರೆಸಿ. ಯಾವ ಟೆಸ್ಟ್ ಮಾಡಿಸಬೇಕು, ಯಾರಿಗೆ ಒಣ ಹವೆ ಒಳ್ಳೆಯದು, ಯಾರಿಗೆ ಕೆಡುಕು, ಮಕ್ಕಳಿಗೆ ಹೇಗೆ, ವಯಸ್ಸಾದವರಿಗೆ ಹೇಗೆ ಅಂತ ಬಿಡಿಸಿ ಹೇಳಿಸಿ. ಬಹಳ ಜನ ಇದನ್ನು ಅವರಿವರ ಮಾತು ಕೇಳಿ ತೀರ್ಮಾನ ಮಾಡುತ್ತಿದ್ದಾರೆ.

ಹೋದ ವಾರ ಪತ್ರ ಬರೆದವರೇ, ನೀವು ಮನೆ ಮಾರುವ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ ಅಂದುಕೊಂಡಿದ್ದೇನೆ. ಅಲರ್ಜಿ ಟೆಸ್ಟ್ ಮಾಡಿಸಿದ್ದೀರಾ? ಹೋಗುವ ಊರನ್ನು ಧೂಳು ಏಳುವ ತಿಂಗಳಲ್ಲಿ ನೋಡಿದ್ದೀರಾ? ಆಗಿಲ್ಲ ಅಂದರೆ ಮನೆಯನ್ನು ಒಂದು ವರ್ಷ ಬಾಡಿಗೆಗೆ ಕೊಟ್ಟು ಹೋಗಿ. ಅಲ್ಲಿ ಹೇಗಾಯಿತು ಅಂತ ಇದೇ ಅಂಕಣದಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು